ಹೊಳೆಯ ನಡುವೆ ಬ್ರೇಕು

ಸ್ಕೂಟರಿನ ಹಿಂಬದಿಯ ಸೀಟಿನಲ್ಲಿ ಕೂತವರಿಗೆ ವಿಧಾತನು, ಅಥವಾ ಕಾರ್ಖಾನೆಯವನು, ಬ್ರೇಕನ್ನು ದಯಪಾಲಿಸಿಲ್ಲ. ಆದರೂ ಎದುರಿಗೊಂದು ಎಮ್ಮೆಯೋ ಆಟೋವೋ ಅಡ್ಡ ಬಂದ ಕ್ಷಣದಲ್ಲಿ ಅವರ ಬಲಗಾಲು ತಾನೇ ತಾನಾಗಿ ಕೆಳಗಿನ ಪಟ್ಟಿಯನ್ನು ಒತ್ತಿ ಹಿಡಿಯುವುದನ್ನು ನೀವು ಗಮನಿಸಿರಬಹುದು. ಗಮನಿಸಿಲ್ಲವಾದರೆ ನಿಮ್ಮ ಮನೆಯವರನ್ನು ಹಿಂದೆ ಕೂರಿಸಿಕೊಂಡು ಸಂಜೆಯ ಹೊತ್ತು ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ಸುತ್ತು ಹೋಗಿಬನ್ನಿ. ನನ್ನ ಹೆಂಡತಿ ಗಿರಿಜೆ ಮದುವೆಯಾದಾಗಿನಿಂದ ಈ ಇಲ್ಲದ ಬ್ರೇಕನ್ನು ಒತ್ತುತ್ತಲೇ ಬಂದವಳು. ಕಾಲಿನ ಜೊತೆಗೆ ಬಾಯಿಯ ಸೇವೆಯೂ ಉಂಟು: ನಿಧಾನ, ಎಡಕ್ಕೆ, ಹಾರನ್ ಹೊಡೀರಿ, ಆ ಸೈಕಲ್ಲಿನವನಿಗೆ ಕಿವಿ ಕೇಳಂಗಿಲ್ಲ ಅಂತ ಕಾಣ್ತದೆ, ಬಿಡ್ರಿ ಅವನು ಮೊದಲು ಹೋಗಲಿ. ನಾನು ಪ್ರತೀಕಾರವಾಗಿ ಕತ್ತು ತಿರುಗಿಸದೆಯೇ ಕೇಳುತ್ತಿದ್ದೆ: “ಯಾಕ ಗಿರಿಜಾ, ಕಾಲು ನೋಯ್ತಾ ಐತಾ?” ಈ ಪ್ರಶ್ನೆಗೆ ಅವಳು ಇಷ್ಟು ವರ್ಷ ಉತ್ತರ ಕೊಟ್ಟಿರಲಿಲ್ಲ. ಈಚೆಗೆ ಕೊಟ್ಟಳು, ಅದನ್ನು ಹೇಳಬೇಕೆಂದರೆ ನಿಮ್ಮನ್ನು ಮೊದಲು ಒಂದು ದೋಣಿ ಹತ್ತಿಸಬೇಕಾಗುತ್ತದೆ.

ನಾನು ನಿವೃತ್ತ ಅಧ್ಯಾಪಕ, ಕಲಿಸುತ್ತಿದ್ದದ್ದು ತರ್ಕಶಾಸ್ತ್ರ. ಆ ಶಾಸ್ತ್ರವನ್ನು ಕಲಿಯುವವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತ ಬಂದು, ಕಡೆಗೆ ತರಗತಿಯಲ್ಲಿ ನಾನೂ ಕರಿಹಲಗೆಯೂ ಇಬ್ಬರೇ ಉಳಿಯುವ ಪ್ರಸಂಗ ಬಂದಾಗ, ನಿವೃತ್ತಿಯ ವಯಸ್ಸು ಓಡೋಡಿ ಬಂದು ಇಬ್ಬರ ಮಾನವನ್ನೂ ಕಾಪಾಡಿತು. ತರ್ಕ ಓದಿದವನಿಗೆ ತಾನು ಹೇಳಿದ್ದೇ ಸರಿ ಎಂಬ ನಂಬಿಕೆ ಸಹಜವಾಗಿಯೇ ಬರುತ್ತದೆ; ಹೆಂಡತಿಯೂ ಅದನ್ನು ಒಪ್ಪುತ್ತಾಳೆ ಎಂಬ ಭ್ರಮೆ ಮಾತ್ರ ಸ್ವಯಾರ್ಜಿತ. ಮುಂದೆ ಕೂತವನು ನಡೆಸತಕ್ಕದ್ದು, ಹಿಂದೆ ಕೂತವರು ಸುಮ್ಮನೆ ಕೂಡತಕ್ಕದ್ದು ಎಂಬ ನನ್ನ ಪ್ರಮೇಯವನ್ನು ನಾನು ಸ್ಕೂಟರಿನ ಮೇಲೆಯೇ ಅನೇಕ ಸಲ ಮಂಡಿಸಿದ್ದೇನೆ. ಗಾಳಿಯ ಸದ್ದಿನಲ್ಲಿ ಅದು ಕೇಳಿಸುತ್ತಿರಲಿಲ್ಲ ಎಂದು ಗಿರಿಜೆ ಹೇಳುತ್ತಾಳೆ.

ಇನ್ನು ದೋಣಿಯ ಮೂಲಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಮೊಮ್ಮಗಳು ದಿನ ತುಂಬುವ ಮೊದಲೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ ಮುದುಡಿಕೊಂಡು ಮಲಗಿದ್ದಳು. ಒಳಗೆ ಹೋಗಿ ಮುಟ್ಟುವಂತಿಲ್ಲ, ಹೊರಗೆ ನಿಂತು ನೋಡಿದರೆ ಕರುಳು ಕಿತ್ತು ಬರುತ್ತಿತ್ತು. ಆಗ ಗಿರಿಜೆ ವರಾಂಡದಲ್ಲಿ ನನ್ನ ಪಕ್ಕ ನಿಂತವಳೇ ಹರಿಹರದ ತುಂಗಭದ್ರೆಯ ದಿಕ್ಕಿಗೆ ಕೈಮುಗಿದು, ಈ ಕೂಸು ನಗುನಗುತ್ತ ಮನೆಗೆ ಬಂದರೆ ನಡುಹೊಳೆಯಲ್ಲಿ ಗಂಗವ್ವನಿಗೆ ಉಡಿ ತುಂಬುತ್ತೇನೆ ಎಂದು ಹರಕೆ ಹೊತ್ತಳು. ಹೊಳೆಯನ್ನು ಮನೆಯ ಹೆಣ್ಣುಮಗಳೆಂದೇ ಎಣಿಸಿ, ಮೊರದಲ್ಲಿ ಹಸಿರು ಕುಪ್ಪಸದ ಬಟ್ಟೆ, ಗಾಜಿನ ಬಳೆ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಎಲೆ ಅಡಿಕೆ ಇಟ್ಟು ನೀರಿಗೆ ಬಿಡುವುದು ನಮ್ಮ ಕಡೆಯ ರೂಢಿ. ಕೂಸು ಮನೆಗೆ ಬಂತು. ಬಂದದ್ದಷ್ಟೇ ಅಲ್ಲ, ವಿನೋಬನಗರದ ನಮ್ಮ ಓಣಿಯ ನಾಯಿಗಳೂ ಕಂಡರೆ ದಾರಿ ಬಿಡುವಂತೆ ಬೆಳೆಯಿತು. ಹರಕೆ ಮಾತ್ರ ಹಾಗೆಯೇ ಉಳಿಯಿತು. ಮಗುವಿಗೆ ಒಂದು ಸೀನು ಬಂದರೆ ಸಾಕು, ಗಿರಿಜೆಯ ಮುಖ ಬಾಡಿಹೋಗುತ್ತಿತ್ತು. ಹೇಳಿದ ಮಾತು ನಡೆಸಿಲ್ಲವಲ್ಲ ಎಂದು ರಾತ್ರಿ ಮಗ್ಗುಲು ಬದಲಿಸುತ್ತಿದ್ದಳು.

ದಡದಲ್ಲಿಯೇ ಉಡಿ ಬಿಟ್ಟರಾಗದೇ ಎಂದು ನೀವು ಕೇಳಬಹುದು. ನಾನೂ ಕೇಳಿ ಬೈಸಿಕೊಂಡಿದ್ದೇನೆ. ಹಿಂದೊಮ್ಮೆ ಅವಳು ದಡದಲ್ಲಿ ಬಿಟ್ಟ ಉಡಿ ಜೊಂಡಿಗೆ ಸಿಕ್ಕಿಕೊಂಡು, ಮರುದಿನ ನೋಡಿದರೆ ಕುಪ್ಪಸದ ಬಟ್ಟೆ ಮುಳ್ಳುಕಂಟಿಯ ಮೇಲೆ ಹರಡಿಕೊಂಡಿತ್ತಂತೆ. ಕೊಟ್ಟದ್ದನ್ನು ಗಂಗವ್ವ ಒಪ್ಪದೆ ತಿರುಗಿಸಿ ಕಳಿಸಿದಳು ಎಂಬ ಅಳುಕು ಅವಳ ಮನಸ್ಸಿನಲ್ಲಿ ಅಂದೇ ಮನೆ ಮಾಡಿತು. ಹಾಗಾದರೆ ಮೀನು ಹಿಡಿಯುವವರ ತೆಪ್ಪವಿದೆಯಲ್ಲ ಎಂದೆ. ಗಿರಿಜೆಯ ತವರು ಭಾನುವಳ್ಳಿ; ಕಾಲುವೆಯ ನೀರು ನೋಡಿಕೊಂಡೇ ಬೆಳೆದವಳಾದರೂ ನೀರಿನ ಮೇಲೆ ಕೂಡುವ ಧೈರ್ಯ ಬೇರೆಯೇ ಬಾಬತ್ತು. ಬುಟ್ಟಿಯಂತೆ ದುಂಡಗೆ ತಿರುಗುವ ತೆಪ್ಪವನ್ನು ಒಮ್ಮೆ ದಿಟ್ಟಿಸಿ ನೋಡಿ, ಮುಂದೆ ಯಾವುದು ಹಿಂದೆ ಯಾವುದು ಅಂತ ತನಗೇ ಗೊತ್ತಿಲ್ಲದ ಗಾಡಿಯನ್ನು ನಾನು ಹತ್ತುವುದಿಲ್ಲ ಎಂದುಬಿಟ್ಟಳು. ಈ ವಾದದಲ್ಲಿ ಹೇತ್ವಾಭಾಸ ಹುಡುಕಲು ನಾನು ಪ್ರಯತ್ನಪಟ್ಟೆ, ಸಿಗಲಿಲ್ಲ.

ಇಲ್ಲಿ ನನ್ನ ಭಾಮೈದ ಶಿವಕುಮಾರನ ಪ್ರವೇಶವಾಗುತ್ತದೆ. ಅವನದು ಕರೂರು ಕೈಗಾರಿಕಾ ಪ್ರದೇಶದಲ್ಲಿ ಫೈಬರಿನ ನೀರಿನ ಟ್ಯಾಂಕು ತಯಾರಿಸುವ ಸಣ್ಣ ಕಾರ್ಖಾನೆ. ಅಕ್ಕನ ಸಂಕಟ ಅವನಿಗೆ ತಿಳಿದಿತ್ತು. ಜೊತೆಗೆ ಗೋವಾಕ್ಕೆ ಹೋಗಿ ಬಂದಾಗಿನಿಂದ ಹಾಯಿದೋಣಿಯ ಹುಚ್ಚೂ ಹತ್ತಿತ್ತು. ಇಷ್ಟು ಕಾಲ ಒಳಗಿನ ನೀರು ಹೊರಗೆ ಹೋಗದಂತೆ ಮಾಡಿದ್ದಾಯಿತು, ಇನ್ನು ಹೊರಗಿನ ನೀರು ಒಳಗೆ ಬಾರದಂತೆ ಮಾಡುವುದೇನು ಮಹಾ ಎಂಬ ಧೈರ್ಯದ ಮೇಲೆ, ಬಿಡುವಿನ ದಿನಗಳಲ್ಲಿ ಕೂತು ಒಂದು ಪುಟ್ಟ ದೋಣಿ ಮಾಡಿಯೇಬಿಟ್ಟ. ಅದಕ್ಕೆ ಪಟಸ್ತಂಭ ಬಂತು, ಬಿಳಿಯ ಹಾಯಿಪಟ ಬಂತು, ಹಿಂದೆ ಚುಕ್ಕಾಣಿಯ ಹಲಗೆ ಬಂತು. ಬಣ್ಣ ಮಾತ್ರ ಟ್ಯಾಂಕಿಗೆ ತಂದು ಉಳಿದ ಕಪ್ಪು. ಹೊಳೆದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಕ್ಕಳು ಅದರ ಕಂಬ ಮತ್ತು ಹಗ್ಗಗಳನ್ನು ನೋಡಿ, ಸೀರೆ ಒಣಗಿಸಲು ಒಳ್ಳೆಯ ಅನುಕೂಲವಾಯಿತು ಎಂದು ಮೆಚ್ಚಿಕೊಂಡರು.

ಹಾಯಿಯ ಕತೆ ಅಷ್ಟಕ್ಕೇ ಮುಗಿಯಿತೆನ್ನಬೇಕು. ಹರಿಹರದ ಗಾಳಿ ಸ್ವತಂತ್ರ ಮನೋಧರ್ಮದ್ದು. ದಡದ ಮರಗಳ ಹಿಂದೆ ಅಡಗಿ ಕೂತು, ನಾವು ಪಟ ಬಿಚ್ಚಿ ಕಟ್ಟುವವರೆಗೆ ಉಸಿರು ಬಿಗಿಹಿಡಿದು, ಸುತ್ತಿ ಇಟ್ಟ ಕೂಡಲೇ ಭೋರೆಂದು ಬರುತ್ತಿತ್ತು. ಕಡೆಗೆ ಶಿವಕುಮಾರ ಕರಾವಳಿಯ ಕಡೆಯಿಂದ ಹಳೆಯದೊಂದು ಔಟ್‌ಬೋರ್ಡ್ ಮೋಟಾರು ತಂದು ದೋಣಿಯ ಹಿಂಭಾಗಕ್ಕೆ ತೂಗುಹಾಕಿದ. ಚುಕ್ಕಾಣಿಯನ್ನೂ ಮೋಟಾರನ್ನೂ ಒಂದು ಕಬ್ಬಿಣದ ಪಟ್ಟಿಯಿಂದ ಜೋಡಿಸಿ, ಎರಡೂ ಒಂದೇ ಹಿಡಿಯಲ್ಲಿ ತಿರುಗುವಂತೆ ಮಾಡಿದ. ಅಲ್ಲಿಂದ ನಮ್ಮ ಹಾಯಿದೋಣಿ ಹಾಯಿಯನ್ನು ಮಡಿಚಿ ಕಟ್ಟಿಕೊಂಡು ಮೋಟಾರಿನ ಮೇಲೆ ಓಡತೊಡಗಿತು. ಪದವಿ ಒಂದು, ಹೊಟ್ಟೆಪಾಡು ಇನ್ನೊಂದು. ತರ್ಕ ಓದಿ ಕಾಲೇಜಿನ ಪ್ರವೇಶ ಸಮಿತಿಯಲ್ಲಿ ಆಯುಷ್ಯ ಸವೆಸಿದ ನನಗೆ ಅದರ ಮೇಲೆ ವಿಶೇಷ ಮಮತೆ ಹುಟ್ಟಿತು.

ಹೊಸ ಗಾಡಿ ಅಂದಮೇಲೆ ಪೂಜೆ ಆಗಬೇಡವೆ? ಕಾಯಿ ಒಡೆದು, ಕುಂಕುಮವಿಟ್ಟು, ಹೂವಿನ ಹಾರ ಹಾಕಿ, ಶಿವಕುಮಾರ ದೋಣಿಗೆ ತಂದು ಜೋಡಿಸಿದ್ದ ಸ್ಕೂಟರಿನ ಕನ್ನಡಿಗೂ ಹಾರನ್ನಿಗೂ ವಿಭೂತಿ ಬಳಿದದ್ದಾಯಿತು. ಚಕ್ರದ ಕೆಳಗೆ ನಿಂಬೆಹಣ್ಣು ಇಡುವ ಘಟ್ಟ ಬಂದಾಗ ಪೂಜೆಗೆ ಬಂದ ಸ್ವಾಮಿಗಳು ದೋಣಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಚಕ್ರ ಎಲ್ಲಪ್ಪ ಎಂದು ಕೇಳಿದರು. ಬಹಳ ಚರ್ಚೆಯಾಗಿ, ದೋಣಿಯ ಮೂತಿಯ ಎದುರು ನೀರಿನಲ್ಲಿಯೇ ಎರಡು ನಿಂಬೆಹಣ್ಣು ಬಿಡುವುದೆಂದು ತೀರ್ಮಾನವಾಯಿತು. ಮೋಟಾರು ಗುರ್ ಎಂದಿತು, ದೋಣಿ ಹೊರಟಿತು, ನಿಂಬೆಹಣ್ಣುಗಳೂ ಹೊರಟವು. ಅಪ್ಪಚ್ಚಿಯಾಗುವ ಬದಲು ಅಲೆಯ ಮೇಲೆ ಕುಣಿಯುತ್ತ ನಮಗಿಂತ ಮುಂದೆ ಮುಂದೆ ಸಾಗಿ ಕಣ್ಮರೆಯಾದವು. ನೀರಿನ ಮೇಲೆ ಬಿಟ್ಟದ್ದು ನಮ್ಮ ಮಾತು ಕೇಳುವುದಿಲ್ಲ ಎಂಬ ಪಾಠ ಅಲ್ಲೇ ಇತ್ತು. ನಾನು ಚಪ್ಪಾಳೆ ತಟ್ಟುವುದರಲ್ಲಿ ಮಗ್ನನಾಗಿದ್ದೆ.

ಶಿವಕುಮಾರನೇ ಅಕ್ಕನನ್ನು ಕರೆದೊಯ್ದು ಬರುತ್ತಾನೆ, ನಾನು ಹೊಳೆದಂಡೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ತಿನ್ನುತ್ತೇನೆ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಗಿರಿಜೆ ಒಪ್ಪಲಿಲ್ಲ. ಅವಳು ಅಂದದ್ದು ಇಷ್ಟೇ: “ಹರಕೆ ಹೊತ್ತಾಗ ನನ್ನ ಪಕ್ಕ ನಿಂತಿದ್ದೋರು ನೀವು. ಕರಕೊಂಡು ಹೋಗೋರೂ ನೀವೇ ಆಗ್ಬೇಕು.” ಹೀಗೆ ತಲೆ ನರೆತ ಮೇಲೆ ನಾನು ಭಾಮೈದನ ಶಿಷ್ಯನಾಗಿ ದೋಣಿ ನಡೆಸುವುದನ್ನು ಕಲಿಯಲು ಹೊರಟೆ.

ದೋಣಿಯ ಹಿಡಿ ಸ್ಕೂಟರಿನ ಹ್ಯಾಂಡಲ್ಲಿನ ದಾಯಾದಿ. ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ಹೋಗುತ್ತದೆ, ಎಡಕ್ಕೆ ತಳ್ಳಿದರೆ ಬಲಕ್ಕೆ. ನಡೆಸುವವನು ಕೂಡುವುದೂ ಮುಂದಲ್ಲ, ಹಿಂದೆ. ನನ್ನ ಪ್ರಮೇಯದ ಎರಡೂ ಕಾಲುಗಳು ಹೀಗೆ ಮೊದಲ ದಿನವೇ ಮುರಿದವು. ತಲೆಗೆ ಎಲ್ಲ ಗೊತ್ತಿತ್ತು. ಕೈಗೆ ಮಾತ್ರ ಯಾರೂ ಹೇಳಿರಲಿಲ್ಲ. ಬಲಗಡೆಯ ಬಂಡೆ ತಪ್ಪಿಸಬೇಕೆಂದು ಹಿಡಿಯನ್ನು ಎಡಕ್ಕೆ ತಳ್ಳಿ ನೇರವಾಗಿ ಬಂಡೆಯನ್ನೇ ಅಪ್ಪಿಕೊಂಡೆ. ಬ್ರೇಕು ಎಲ್ಲಿದೆ ಎಂದು ಕೇಳಿದ್ದಕ್ಕೆ ಶಿವಕುಮಾರ ನಕ್ಕು, ಹೊಳೆಯಲ್ಲಿ ಬ್ರೇಕು ಇರುವುದಿಲ್ಲ ಎಂದ. ಮೋಟಾರು ನಿಲ್ಲಿಸಿದರೆ ದೋಣಿ ನಿಲ್ಲುವುದಿಲ್ಲ, ಮಾತು ಕೇಳುವುದನ್ನು ಮಾತ್ರ ನಿಲ್ಲಿಸುತ್ತದೆ. ಓಡುವ ದೋಣಿಗಷ್ಟೇ ಚುಕ್ಕಾಣಿಯ ಹಿಡಿತ. ಅವನ ಗುರುಮಂತ್ರ ಒಂದೇ: “ನಿಲ್ಲಬೇಕು ಅಂದ್ರೆ ಹರಿವಿಗೆ ಎದುರು ತಿರುಗಿಸ್ರಿ ಭಾವ. ಮೋಟಾರು ಸಣ್ಣಗೆ ಇಡ್ರಿ. ಹೊಳೆನೇ ನಿಮ್ಮನ್ನ ಹಿಡ್ಕಂತದೆ.” ಬಂಡೆಗಳ ಗುರುತು ಸಿಗುವಷ್ಟು ಡಿಕ್ಕಿ ಹೊಡೆದ ಮೇಲೆ ನನಗೂ ಒಂದು ಹದ ಬಂತು. ಆದರೆ ಅಭ್ಯಾಸದ ಅಷ್ಟೂ ದಿನ ಶಿವಕುಮಾರ ಮೋಟಾರಿನ ಪಕ್ಕ ನನ್ನ ಬೆನ್ನಿಗೇ ಒತ್ತಿ ಕೂತು ನಿಧಾನ, ಈ ಕಡೆ, ಆ ಕಡೆ ಎನ್ನುತ್ತಲೇ ಇದ್ದ. ಅದನ್ನು ನಾನು ಗಮನಕ್ಕೇ ತಂದುಕೊಂಡಿರಲಿಲ್ಲ, ಏಕೆಂದರೆ ಬೆನ್ನ ಹಿಂದಿನ ದನಿ ನನಗೆ ಹೊಸದೇನಲ್ಲವಷ್ಟೆ.

ದೀಪಾವಳಿ ಕಳೆದು, ಹೊಳೆ ಇಳಿದು, ನೀರು ತಿಳಿಯಾದ ಒಂದು ಭಾನುವಾರ ಬೆಳಿಗ್ಗೆ ನಾವು ಹರಿಹರಕ್ಕೆ ಬಂದೆವು. ಗಿರಿಜೆ ರೇಷ್ಮೆಸೀರೆ ಉಟ್ಟಿದ್ದಳು. ಅದರ ಮೇಲೆ ಶಿವಕುಮಾರ ಕಿತ್ತಳೆ ಬಣ್ಣದ ತೇಲುವ ಜಾಕೀಟು ತೊಡಿಸಿದಾಗ, ಇಷ್ಟೊಳ್ಳೆ ಸೀರೆಯ ಸೆರಗೇ ಕಾಣದಂತಾಯಿತು ಎಂದು ಗೊಣಗಿದಳು. ನನಗೂ ಒಂದು ತೊಡಿಸಿದ. ಉಡಿಯ ಮೊರಕ್ಕಿಲ್ಲವೇ ಎಂದು ನಾನು ಹಾಸ್ಯ ಮಾಡಿದ್ದನ್ನು ಯಾರೂ ಮೆಚ್ಚಲಿಲ್ಲ. ಅವಳು ಮೂತಿಯ ಬಳಿ ಮುಂದಕ್ಕೆ ಮುಖಮಾಡಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಕೂತಳು. ನಾನು ಹಿಂದೆ ಹಿಡಿ ಹಿಡಿದು ಕೂತೆ. ಶಿವಕುಮಾರ ಮೆಟ್ಟಿಲ ಮೇಲೆ ನಿಂತು ಕೈ ಬೀಸಿದ.

ಹೊರಟ ಸ್ವಲ್ಪ ಹೊತ್ತಿಗೇ ಏನೋ ಕೊರತೆ ಭಾಸವಾಯಿತು. ಮೋಟಾರು ಸರಿಯಾಗಿತ್ತು, ನೀರೂ ಸರಿಯಾಗಿತ್ತು. ಗಿರಿಜೆ ಮಾತಾಡುತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ನಡೆಸುವ ವಾಹನದಲ್ಲಿ ಅವಳು ತುಟಿಪಿಟಕ್ಕೆನ್ನದೆ ಕೂತದ್ದು ಇದೇ ಮೊದಲು. ಅವಳ ಬೆನ್ನು, ತುರುಬು, ತುರುಬಿನಲ್ಲಿ ಮಲ್ಲಿಗೆ, ಇವಿಷ್ಟೇ ನನ್ನ ಕಣ್ಣ ಮುಂದೆ. ಬೇಡಿ ಬಯಸಿದ ಮೌನ ಕೊನೆಗೂ ದೊರಕಿತ್ತು, ನನಗೆ ಮಾತ್ರ ಅದು ಹಿಡಿಸಲಿಲ್ಲ. ಹೇಗಿದೆ ಎಂದು ಕೇಳಿದೆ. “ಗಂಗವ್ವನ ಜೊತೆ ಮಾತಾಡ್ತಾ ಇದೀನಿ, ಸುಮ್ನಿರ್ರಿ” ಎಂದಳು.

ನಡುಹೊಳೆಗೆ ಬಂದು ಮೋಟಾರು ನಿಲ್ಲಿಸಿದೆ. ನಿಲ್ಲಿಸಲೇಬೇಕಿತ್ತು, ಇಲ್ಲವಾದರೆ ಕುಪ್ಪಸದ ಬಟ್ಟೆ ನೀರೊಳಗೆ ತಿರುಗುವ ಮೋಟಾರಿನ ಪಂಖಕ್ಕೆ ಸುತ್ತಿಕೊಂಡು ಹರಕೆಯೂ ಮೋಟಾರೂ ಒಟ್ಟಿಗೇ ಕೆಡುತ್ತಿದ್ದವು. ಗಿರಿಜೆ ಬಾಗಿ, ಮೊರವನ್ನು ನೀರಿಗೆ ಮೆಲ್ಲಗೆ ಇಳಿಬಿಟ್ಟು ಕೈಮುಗಿದಳು. ಮೊರ ತೇಲಿತು. ನಮ್ಮ ದೋಣಿಯೂ ತೇಲಿತು. ಹರಿವಿಗೆ ಸಿಕ್ಕಿ ಮೆಲ್ಲಗೆ ತಿರುಗಿ, ಮೂತಿಯನ್ನು ಕೆಳಮುಖವಾಗಿ ಮಾಡಿಕೊಂಡು ಮೊರದ ಹಿಂದೆಯೇ ಹೊರಟಿತು. ಮೊರ ಒಂದು ಮಾರು ಮುಂದೆ, ನಾವು ಒಂದು ಮಾರು ಹಿಂದೆ. ಅದು ನಮ್ಮನ್ನು ಬಿಟ್ಟು ಹೋಗುವುದೂ ಇಲ್ಲ, ನಾವು ಅದನ್ನು ಹಿಂದಿಕ್ಕುವುದೂ ಇಲ್ಲ. ಒಂದೇ ಪ್ರವಾಹದಲ್ಲಿ ತೇಲುವ ಎರಡು ವಸ್ತುಗಳು ಒಂದನ್ನೊಂದು ಅಗಲಲಾರವು ಎಂಬ ಸರಳ ಸತ್ಯ ನನಗೆ ಆಗ ಹೊಳೆಯಿತು. ಗಿರಿಜೆಗೆ ಬೇರೆಯೇ ಹೊಳೆದಿತ್ತು. ಹೋಗವ್ವ ಹೋಗು ಎಂದು ಎರಡು ಸಲ ನೀರನ್ನು ಕೈಯಿಂದ ತಳ್ಳಿದಳು. ಮೊರ ಅಲ್ಲೇ ಇತ್ತು. “ನೋಡ್ರಿ, ತಗಳ್ತಾನೇ ಇಲ್ಲ ಗಂಗವ್ವ” ಎಂದ ಅವಳ ದನಿ ನಡುಗಿತು. ಗಾಜಿನ ಪೆಟ್ಟಿಗೆಯ ಮುಂದೆ ಕೇಳಿದ್ದ ದನಿ ಅದು.

ಅಷ್ಟರಲ್ಲಿ ಕೆಳಗಡೆಯ ಸೇತುವೆಯ ಕಲ್ಲಿನ ಕಂಬಗಳು ನಾವು ಕರೆಯದೆಯೇ ಹತ್ತಿರ ಬರತೊಡಗಿದ್ದವು. ಮೋಟಾರಿನ ಹಗ್ಗ ಜಗ್ಗಿದೆ. ಕೆಮ್ಮಿ ಸುಮ್ಮನಾಯಿತು. ಇನ್ನೊಮ್ಮೆ ಜಗ್ಗಿದಾಗ ಹೊತ್ತಿಕೊಂಡಿತು. ನೇರ ಹೋದರೆ ಉಡಿಯ ಮೇಲೆಯೇ ಹಾಯಬೇಕು. ತಿರುಗಿಸಬೇಕು, ಯಾವ ಕಡೆಗೆ, ಹಿಡಿಯನ್ನು ಎತ್ತ ತಳ್ಳಿದರೆ ದೋಣಿ ಎತ್ತ ಹೋಗುತ್ತದೆ? ಕಲಿತದ್ದೆಲ್ಲ ತಲೆಯಿಂದ ಇಳಿದುಹೋಗಿತ್ತು. ನನ್ನ ಬಲಗಾಲು ಫೈಬರಿನ ನೆಲವನ್ನು ಒತ್ತಿ ಒತ್ತಿ ಏನನ್ನೋ ಹುಡುಕುತ್ತಿತ್ತು. ಜೀವಮಾನದಲ್ಲಿ ಎಂದೂ ಹೇಳುತ್ತೇನೆಂದು ಎಣಿಸಿರದ ಮಾತು ನನ್ನ ಬಾಯಿಂದ ಬಂತು: “ಏನಾದ್ರೂ ಅನ್ನು ಗಿರಿಜಾ. ನೀ ಹೇಳ್ದಿದ್ರೆ ನನ್ನ ಕೈ ಓಡಂಗಿಲ್ಲ.”

ಅವಳು ಒಮ್ಮೆ ನೀರನ್ನೂ ಕಂಬಗಳನ್ನೂ ನೋಡಿದಳು. ಆಮೇಲೆ ಕೂತಲ್ಲೇ ಪೂರ್ತಿ ನನ್ನ ಕಡೆಗೆ ತಿರುಗಿ, ಸೆರಗು ಸಿಕ್ಕಿಸಿಕೊಂಡು, ಮಂಡಿಪೇಟೆಯ ದನಿಯಲ್ಲಿ ಹೇಳಿದಳು: “ಬಲಕ್ಕೆ ರೀ, ಬಲಕ್ಕೆ. ನಿಧಾನ.”

ಆ ದನಿ ಕೇಳಿದ್ದೇ ತಡ, ಕೈ ಯೋಚನೆಗೆ ನಿಲ್ಲದೆ ಹಿಡಿಯನ್ನು ನನ್ನ ಬಲಕ್ಕೆ ತಳ್ಳಿತು. ದೋಣಿ ಎಡಕ್ಕೆ ತಿರುಗಿತು. ತಪ್ಪಾಯಿತಲ್ಲ ಎಂದು ನಾನು ಕಣ್ಣು ಮುಚ್ಚುವವನಿದ್ದೆ. ಅವಳು ಮಾತ್ರ, ಹಾಂ, ಹಂಗೇ, ಇನ್ನೊಂಚೂರು ಎಂದು ತಲೆದೂಗುತ್ತಿದ್ದಳು. ತೆರವಾಗಿದ್ದ ನೀರು ಎಡಕ್ಕೇ ಇತ್ತು. ದೋಣಿ ದೊಡ್ಡ ವೃತ್ತವೊಂದನ್ನು ಬರೆದು ಹರಿವಿಗೆ ಎದುರಾಗಿ ನಿಂತಿತು. ನಿಧಾನ ಎಂದಳು, ಮೋಟಾರು ಸಣ್ಣಗೆ ಮಾಡಿದೆ. ಹೊಳೆ ನಮ್ಮನ್ನು ಹಿಡಿದುಕೊಂಡಿತು. ಆಗ ಮೊರ ನಮ್ಮನ್ನು ಬಿಟ್ಟು ಹೊರಟಿತು. ಗಿರಿಜೆ ಈಗ ಕೂತಿದ್ದ ದಿಕ್ಕಿಗೆ ಅದು ಅವಳ ಕಣ್ಣೆದುರಿಗೇ ಇತ್ತು; ನನ್ನ ಹೆಗಲ ಮೇಲಿಂದ ನೋಡುತ್ತ ನೋಡುತ್ತ ಅವಳ ಮುಖ ಬಿಚ್ಚಿಕೊಂಡದ್ದನ್ನು ನಾನು ಕಂಡೆ. ಮೊರ ಹೋದದ್ದನ್ನು ನಾನು ನೋಡಲಿಲ್ಲ, ಅವಳ ಮುಖದಲ್ಲಿಯೇ ತಿಳಿದುಕೊಂಡೆ. “ಕಮಾನು ದಾಟ್ತು. ತಗಂಡ್ಳು” ಎಂದು ಕಣ್ಣೊರೆಸಿಕೊಂಡಳು. ನನಗೂ ಕಣ್ಣು ತುಂಬಿ ಬಂತು. ಮೋಟಾರಿನ ಹೊಗೆ ಕಣ್ಣಿಗೆ ಹೋಯಿತು ಎನ್ನೋಣವೆಂದರೆ ಗಾಳಿ ಆ ಕಡೆ ಬೀಸುತ್ತಿತ್ತು.

ಅವಳು ಮತ್ತೆ ಮುಂದಕ್ಕೆ ತಿರುಗಲಿಲ್ಲ. ನನ್ನೆದುರಿಗೇ ಕೂತು, ಆಗಾಗ ಹಿಂದಿರುಗಿ ನೋಡುತ್ತ, ಬಲಕ್ಕೆ, ಎಡಕ್ಕೆ, ಸಾಕು ಎನ್ನುತ್ತ ದೋಣಿಯನ್ನು ಮೆಟ್ಟಿಲಿಗೆ ಒಂದು ಸದ್ದೂ ಇಲ್ಲದಂತೆ ತಂದು ಸೇರಿಸಿದಳು. ತಂದದ್ದು ನನ್ನ ಕೈ ಎಂಬುದು ತಾಂತ್ರಿಕ ವಿವರ. ಶಿವಕುಮಾರ ಬಾಯಿ ತೆರೆದುಕೊಂಡು ನಿಂತಿದ್ದ.

ಮನೆಗೆ ಬಂದು ತಟ್ಟೆಯಲ್ಲಿ ಚಮಚವನ್ನು ದೋಣಿ ಮಾಡಿ ತಿರುಗಿಸಿ ನೋಡಿದ ಮೇಲೆ ರಹಸ್ಯ ಬಯಲಾಯಿತು. ಎದುರುಬದುರು ಕೂತವರಲ್ಲಿ ಅವಳ ಬಲ ನನ್ನ ಎಡ. ಹಿಡಿಯದು ಮೊದಲೇ ತಿರುವುಮುರುವು. ಅವಳ ತಿರುವು ಒಂದು, ಹಿಡಿಯ ತಿರುವು ಒಂದು. ಎರಡೂ ಒಂದನ್ನೊಂದು ಹೊಡೆದುಹಾಕಿ, ಅವಳು ಹೇಳಿದಂತೆ ನಾನು ಕುರುಡಾಗಿ ಕೈಯಾಡಿಸಿದರೆ ದೋಣಿ ಅವಳು ಬಯಸಿದ ಕಡೆಗೇ ಹೋಗುತ್ತದೆ. ನಿಷೇಧದ ನಿಷೇಧವೇ ವಿಧಿ ಎಂದು ಜೀವನವಿಡೀ ಕರಿಹಲಗೆಯ ಮೇಲೆ ಬರೆದವನಿಗೆ ಅದು ಅನುಭವಕ್ಕೆ ಬರಲು ತುಂಗಭದ್ರೆಯ ನಡುನೀರೇ ಬೇಕಾಯಿತು. ಉತ್ಸಾಹದಿಂದ ಗಿರಿಜೆಗೆ ವಿವರಿಸಿದೆ. ಅವಳು ಚಮಚ ಕಿತ್ತುಕೊಂಡು ಉಪ್ಪಿಟ್ಟಿಗೆ ಹಾಕುತ್ತ, “ಅದ್ರಾಗೇನೈತೆ? ನಮ್ಮ ಸಂಸಾರ ಇಷ್ಟು ದಿನ ನಡೆದಿದ್ದೇ ಹಂಗಲ್ಲ” ಎಂದಳು.

ಹರಕೆ ತೀರಿತು. ಮಗುವಿಗೆ ಮೊನ್ನೆ ನೆಗಡಿಯಾದಾಗ ಗಿರಿಜೆ ಕಷಾಯ ಕುದಿಸಿದಳೇ ಹೊರತು ಹೊಳೆಯ ಕಡೆ ನೋಡಲಿಲ್ಲ. ಆದರೆ ದೋಣಿಯ ಋಣ ತೀರಲಿಲ್ಲ. ಮುಂದಿನ ಭಾನುವಾರ ಅವಳೇ ಹೊರಡಿಸಿದಳು. ರೇಷ್ಮೆ ಬಿಟ್ಟು ನೂಲಿನ ಸೀರೆ ಉಟ್ಟು, ಜಾಕೀಟಿನ ಪಟ್ಟಿಯನ್ನು ತಾನೇ ಬಿಗಿದುಕೊಂಡು, ಮೆಟ್ಟಿಲಿಳಿದು ನೇರವಾಗಿ ದೋಣಿಯ ಹಿಂಭಾಗಕ್ಕೆ ಹೋಗಿ ಕೂತಳು. ಹಿಂದೆ ಕೂತು ನಡೆಸುವುದರಲ್ಲಿ ಅವಳಷ್ಟು ಅಭ್ಯಾಸ ಹರಿಹರದಲ್ಲಿ ಇನ್ನಾರಿಗಿದೆ? ಶಿವಕುಮಾರ ಒಂದು ಸಲ ತೋರಿಸಿಕೊಟ್ಟ, ಎರಡನೆಯ ಸಲಕ್ಕೆ ಅವಳು ಕೇಳಲಿಲ್ಲ. ನನ್ನ ಪಾಲಿಗೆ ಮೂತಿಯ ಬಳಿಯ ಜಾಗ ಬಂತು. ಬಲಗಡೆಯಿಂದ ನನ್ನ ಹಳೆಯ ಪರಿಚಯದ ಬಂಡೆ ಸಮೀಪಿಸಿತು. ಎಡಕ್ಕೆ ಎಂದೆ, ನಿಧಾನ ಎಂದೆ, ಹಾರನ್ ಹೊಡಿ ಎಂದೂ ಅಂದೆನಂತೆ. ಅವಳು ಬಂಡೆಯನ್ನು ಸುಸೂತ್ರವಾಗಿ ಬಳಸಿ ದಾಟಿಸಿದಳು. ಕೆಳಗೆ ನೋಡಿಕೊಂಡರೆ ನನ್ನ ಬಲಗಾಲು ನೆಲವನ್ನು ಬೆರಳು ಬೆಳ್ಳಗಾಗುವಂತೆ ಒತ್ತಿ ಹಿಡಿದಿತ್ತು. ಯಾರೂ ನೋಡಲಿಲ್ಲ ಎಂದುಕೊಂಡು ಮೆಲ್ಲಗೆ ಸಡಿಲಿಸುವಷ್ಟರಲ್ಲಿ, ಮೋಟಾರಿನ ಸದ್ದಿನ ಮೇಲಿಂದ ಅವಳ ದನಿ ಬಂತು:

“ಯಾಕ ರೀ, ಕಾಲು ನೋಯ್ತಾ ಐತಾ?”